ಕೈಯ ಕ್ಯಾಮೆರಾ, ಕದಲದ ಚಿತ್ರ

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



2021ರ ಫೆಬ್ರುವರಿ 7ರ ಬೆಳಿಗ್ಗೆ ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ ರೊಂಟಿ ಶಿಖರದ ಕಡಿದಾದ ಉತ್ತರ ಪಾರ್ಶ್ವದಿಂದ ಬಂಡೆ ಮತ್ತು ಹಿಮದ ಬೃಹತ್ ಹೋಳೊಂದು ಕಳಚಿಕೊಂಡು ಕಣಿವೆಗೆ ಉರುಳಿತು. ಋಷಿಗಂಗಾ ಹಾಗೂ ಧೌಲಿಗಂಗಾ ನದಿಗಳಲ್ಲಿ ಕಲ್ಲು, ಕೆಸರು, ನೀರು ಒಂದಾಗಿ ನುಗ್ಗಿ ಎರಡು ಜಲವಿದ್ಯುತ್ ಯೋಜನೆಗಳನ್ನು ಹಾಳುಗೆಡವಿದವು. ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು ಇಲ್ಲವೇ ಕಾಣೆಯಾದರು. 1974ರಲ್ಲಿ ಗೌರಾದೇವಿಯವರ ಮುಂದಾಳುತನದಲ್ಲಿ ಮಹಿಳೆಯರು ಮರಗಳನ್ನು ಉಳಿಸಿಕೊಂಡ, ಚಿಪ್ಕೊ ಚಳವಳಿಯ ಹೆಸರಾಂತ ಗ್ರಾಮವಾದ ರೈಣಿ ಇರುವುದೂ ಇದೇ ಕಣಿವೆಯಲ್ಲಿ.

ಈ ದುರಂತದ ಕಾರಣವನ್ನು ಶೋಧಿಸಿದ ವಿಜ್ಞಾನಿಗಳ ತಂಡದ ವರದಿ ಅದೇ ವರ್ಷ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕುಸಿದ ಬಂಡೆ ಮತ್ತು ಹಿಮದ ಗಾತ್ರ ಸುಮಾರು 2.7 ಕೋಟಿ ಘನ ಮೀಟರ್ ಎಂದು ಆ ತಂಡ ಅಂದಾಜಿಸಿತು. ಅದು ಆಧರಿಸಿದ ಸಾಮಗ್ರಿಗಳು ನಾಲ್ಕು: ಉಪಗ್ರಹ ಚಿತ್ರಗಳು, ಭೂಕಂಪನ ಮಾಪಕಗಳ ದಾಖಲೆಗಳು, ಗಣಕಯಂತ್ರದ ಲೆಕ್ಕಾಚಾರಗಳು ಮತ್ತು ಪ್ರತ್ಯಕ್ಷದರ್ಶಿಗಳು ತೆಗೆದ ವಿಡಿಯೊಗಳು. ಋಷಿಗಂಗಾ ಯೋಜನೆಯ ಬಳಿ ಪ್ರವಾಹದ ಮುಂಚೂಣಿ ಸೆಕೆಂಡಿಗೆ ಸುಮಾರು 25 ಮೀಟರ್ ವೇಗದಲ್ಲಿ ಸಾಗಿತ್ತು, ಕೆಳಗಿಳಿದಂತೆ ಆ ವೇಗ ತಗ್ಗಿತ್ತು ಎಂಬ ಸಂಗತಿ ತಿಳಿದುಬಂದುದು ಈ ವಿಡಿಯೊಗಳಿಂದ. ಉಪಗ್ರಹಕ್ಕೂ ಕಾಣದ ಒಂದು ಗಳಿಗೆಯನ್ನು ಮನುಷ್ಯನ ಕೈಯಲ್ಲಿದ್ದ ಪುಟ್ಟ ಯಂತ್ರ ಹಿಡಿದಿಟ್ಟಿತ್ತು.

ಸಹ್ಯಾದ್ರಿಯ ಮಡಿಲಿನಲ್ಲಿಯೂ ಇಂತಹ ಗಳಿಗೆಗಳು ಬಂದುಹೋಗಿವೆ. 2018ರ ಆಗಸ್ಟ್ ತಿಂಗಳಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಜರಿಯಿತು. ಅದೇ ತಿಂಗಳ 30ರಂದು ವಯನಾಡಿನ ಮುಂಡಕ್ಕೈ ಹಾಗೂ ಚೂರಲ್‌ಮಲ ಕೊಚ್ಚಿಹೋದವು. ಇವಲ್ಲದೆ ಯಾವ ಪತ್ರಿಕೆಯಲ್ಲಿಯೂ ಬಾರದ ಸಣ್ಣ ಧರೆ ಕುಸಿತಗಳು, ಕೊಚ್ಚಿಹೋದ ಕಾಲುಸಂಕಗಳು, ಬಣ್ಣ ಬದಲಾದ ಹಳ್ಳಗಳು ಪ್ರತಿ ಮಳೆಗಾಲದಲ್ಲಿಯೂ ಉಂಟು. ಇಂತಹ ದೃಶ್ಯಗಳನ್ನು ಮೊಬೈಲಿನಲ್ಲಿ ಹಿಡಿಯುವವರು ಹಳ್ಳಿಹಳ್ಳಿಯಲ್ಲಿ ಇದ್ದಾರೆ. ಆದರೆ ಅವುಗಳಲ್ಲಿ ಅನೇಕವು ಎಷ್ಟು ಅಲುಗುತ್ತವೆಯೆಂದರೆ, ನೋಡುವವನಿಗೆ ತಲೆಸುತ್ತು ಬರುವುದೇ ಹೊರತು ಹಳ್ಳ ಎಲ್ಲಿ ದಡ ಮೀರಿತು, ಮಣ್ಣು ಎಲ್ಲಿಂದ ಜಾರಿತು ಎಂಬುದು ತಿಳಿಯುವುದಿಲ್ಲ. ಆದುದರಿಂದ ಕೈಯಲ್ಲಿ ಹಿಡಿದ ಕ್ಯಾಮೆರಾ ಅಲುಗದಂತೆ ನೋಡಿಕೊಳ್ಳುವ ವಿದ್ಯೆ ಕೇವಲ ಅಂದಚೆಂದದ ವಿಷಯವಲ್ಲ. ಅದು ಸಾಕ್ಷ್ಯವನ್ನು ಉಳಿಸಿಕೊಳ್ಳುವ ವಿದ್ಯೆ.

ಕದಲದ ಗುರುತು ಏಕೆ ಬೇಕು?

ಚಲನೆಯನ್ನು ಅಳೆಯಬೇಕಾದರೆ ಚಲಿಸದ ಒಂದು ವಸ್ತು ಕಣ್ಣೆದುರಿಗೆ ಇರಬೇಕು. ಒಂದು ಉದಾಹರಣೆಯನ್ನು ಗಮನಿಸಬಹುದು. ಹೊಳೆಯ ದಡದಲ್ಲಿ ಎರಡು ಬಂಡೆಗಳಿವೆ, ಅವುಗಳ ನಡುವಿನ ಅಂತರ 10 ಮೀಟರ್. ಪ್ರವಾಹದಲ್ಲಿ ತೇಲಿಬಂದ ದಿಮ್ಮಿಯೊಂದು ಮೊದಲ ಬಂಡೆಯಿಂದ ಎರಡನೆಯ ಬಂಡೆಯವರೆಗೆ ಸಾಗುತ್ತದೆ. ಕ್ಯಾಮೆರಾ ಸೆಕೆಂಡಿಗೆ 30 ಚಿತ್ರಗಳನ್ನು ತೆಗೆಯುತ್ತಿದ್ದು, ಈ ಅಂತರವನ್ನು ದಾಟಲು ದಿಮ್ಮಿಗೆ 60 ಚಿತ್ರಗಳಷ್ಟು ಕಾಲ ಹಿಡಿದರೆ, ಅದು 2 ಸೆಕೆಂಡುಗಳಲ್ಲಿ 10 ಮೀಟರ್ ಸಾಗಿದೆ; ಅಂದರೆ ಹರಿವಿನ ವೇಗ ಸೆಕೆಂಡಿಗೆ 5 ಮೀಟರ್. ಹೈಸ್ಕೂಲಿನ ವಿದ್ಯಾರ್ಥಿಯೂ ಮಾಡಬಲ್ಲ ಲೆಕ್ಕವಿದು. ಬಂಡೆಗಳ ಅಂತರವನ್ನು ನೆರೆ ಇಳಿದ ಮೇಲೆ ನಿಧಾನವಾಗಿ ಅಳೆಯಬಹುದು. ಆದರೆ ಎರಡು ಬಂಡೆಗಳೂ ಆ ಎರಡು ಸೆಕೆಂಡುಗಳ ಕಾಲ ಚೌಕಟ್ಟಿನೊಳಗೆ ಇದ್ದಿರಬೇಕು, ಹರಿವು ಕ್ಯಾಮೆರಾದ ಎದುರಿನಲ್ಲಿ ಅಡ್ಡಲಾಗಿ ಸಾಗಿರಬೇಕು. ಕ್ಯಾಮೆರಾ ದಿಮ್ಮಿಯ ಬೆನ್ನುಹತ್ತಿ ಓಲಾಡಿದ್ದರೆ ದಿಮ್ಮಿ ಮಾತ್ರ ಉಳಿದು ಅಳತೆಗೋಲು ಕಳೆದುಹೋಗುತ್ತದೆ.

ಈ ಕಾರಣದಿಂದ ಚಿತ್ರಣ ಆರಂಭಿಸುವ ಮುನ್ನ ಚೌಕಟ್ಟಿನೊಳಗೆ ಕದಲದ ಗುರುತೊಂದನ್ನು ಆರಿಸಿಕೊಳ್ಳುವುದು ಮೊದಲ ಪಾಠ. ಬಂಡೆ, ಸೇತುವೆಯ ಕಂಬ, ಮನೆಯ ಸೂರಿನ ಅಂಚು, ಯಾವುದಾದರೂ ಆಗಬಹುದು. ಆ ಗುರುತನ್ನು ಪರದೆಯ ಒಂದು ಮೂಲೆಯಲ್ಲಿರಿಸಿ, ಅದು ಅಲ್ಲಿಂದ ಜಾರದಂತೆ ಕಾಯ್ದುಕೊಂಡರೆ ಕೈ ತಾನಾಗಿಯೇ ಹತೋಟಿಗೆ ಬರುತ್ತದೆ.

ಅಲುಗಾಟದ ಮೂಲ

ಆರೋಗ್ಯವಂತ ಮನುಷ್ಯನ ಕೈಯೂ ಪೂರ್ತಿ ನಿಶ್ಚಲವಾಗಿರುವುದಿಲ್ಲ. ಸೆಕೆಂಡಿಗೆ ಸುಮಾರು 8ರಿಂದ 12 ಬಾರಿ ಅದು ಸೂಕ್ಷ್ಮವಾಗಿ ಕಂಪಿಸುತ್ತಿರುತ್ತದೆ. ಇದು ಸ್ನಾಯುಗಳ ಸಹಜ ಧರ್ಮ. ಇದರ ಮೇಲೆ ಉಸಿರಾಟದ ಏರಿಳಿತ ಬಂದು ಸೇರುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರು ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ಗುಡ್ಡ ಹತ್ತಿ ಬಂದವರ ಉಸಿರು ಅದಕ್ಕಿಂತ ಬಹಳ ಹೆಚ್ಚು. ನಡೆಯುತ್ತ ಚಿತ್ರಿಸಿದರೆ ಸೆಕೆಂಡಿಗೆ ಸುಮಾರು ಎರಡರಂತೆ ಹೆಜ್ಜೆಯ ಹೊಡೆತವೂ ಕೂಡಿಕೊಳ್ಳುತ್ತದೆ.

ಕ್ಯಾಮೆರಾದ ಅಲುಗಾಟದಲ್ಲಿ ಎರಡು ಬಗೆ. ಒಂದು, ಕ್ಯಾಮೆರಾ ಇದ್ದ ಜಾಗದಿಂದ ಅತ್ತಿತ್ತ ಸರಿಯುವುದು. ಇನ್ನೊಂದು, ಇದ್ದಲ್ಲಿಯೇ ಓರೆಯಾಗುವುದು ಅಥವಾ ತಿರುಗುವುದು. ದೂರದ ಗುಡ್ಡವನ್ನು ಚಿತ್ರಿಸುವಾಗ ಕ್ಯಾಮೆರಾ ಒಂದು ಸೆಂಟಿಮೀಟರ್ ಪಕ್ಕಕ್ಕೆ ಸರಿದರೂ ಚಿತ್ರದಲ್ಲಿ ಗೊತ್ತಾಗದು. ಆದರೆ ಒಂದು ಡಿಗ್ರಿಯಷ್ಟು ತಿರುಗಿದರೆ ಇಡೀ ಗುಡ್ಡ ಜಿಗಿಯುತ್ತದೆ. ಆದುದರಿಂದ ತಡೆಯಬೇಕಾದುದು ಮುಖ್ಯವಾಗಿ ಈ ತಿರುಗುವಿಕೆಯನ್ನು.

ಜೂಮ್ ಬಳಸಿದಾಗ ಈ ತೊಂದರೆ ಹಲವು ಪಟ್ಟು ಹೆಚ್ಚುತ್ತದೆ. ಅಡ್ಡಲಾಗಿ 60 ಡಿಗ್ರಿಯಷ್ಟು ನೋಟವನ್ನು ಹಿಡಿಯುವ ಮಸೂರದಲ್ಲಿ ಒಂದು ಡಿಗ್ರಿಯ ಓಲಾಟವೆಂದರೆ ಚೌಕಟ್ಟಿನ ಅಗಲದ ಅರವತ್ತರಲ್ಲಿ ಒಂದು ಪಾಲು. ಜೂಮ್ ಮಾಡಿ ನೋಟವನ್ನು 10 ಡಿಗ್ರಿಗೆ ಇಳಿಸಿದರೆ ಅದೇ ಓಲಾಟ ಅಗಲದ ಹತ್ತರಲ್ಲಿ ಒಂದು ಪಾಲಾಗುತ್ತದೆ. ಕೈ ಅಲುಗಿದ್ದು ಅಷ್ಟೇ. ಚಿತ್ರ ಅಲುಗಿದ್ದು ಆರು ಪಟ್ಟು. ಹೀಗಾಗಿ ಬರಿಗೈಯಲ್ಲಿ ಚಿತ್ರಿಸುವವರು ಜೂಮ್ ತೊರೆದು, ಸಾಧ್ಯವಿದ್ದಲ್ಲಿ ವಸ್ತುವಿನ ಹತ್ತಿರಕ್ಕೆ ಹೋಗುವುದು ಲೇಸು. ಆನೆ, ಕಾಟಿ, ಹಾವು, ಜರಿಯುತ್ತಿರುವ ಧರೆ, ಉಕ್ಕಿದ ಹಳ್ಳ, ಇವುಗಳ ಮಟ್ಟಿಗೆ ಈ ಮಾತು ಸಲ್ಲದು. ಅಲ್ಲಿ ದೂರವೇ ಸರಿ. ಜೂಮ್ ಬೇಕಾದರೆ ಕೈಗೆ ಗಟ್ಟಿಯಾದ ಆಸರೆ ಬೇಕು.

ದೇಹವೇ ಮೊದಲ ಆಸರೆ

ಅಡಿಕೆ ಮರವೇರಿದ ಕೊನೆಗೌಡನು ಮೊದಲು ತನ್ನ ನೆಲೆಯನ್ನು ಭದ್ರಪಡಿಸಿಕೊಳ್ಳುತ್ತಾನೆ. ಆಮೇಲೆಯೇ ಕೊನೆಗೆ ಕೈಹಾಕುತ್ತಾನೆ. ಕ್ಯಾಮೆರಾ ಹಿಡಿದವರೂ ಅನುಸರಿಸಬೇಕಾದ ಕ್ರಮವಿದು. ಪಾದಗಳು ಭುಜದಷ್ಟು ಅಗಲಕ್ಕೆ ನೆಲದ ಮೇಲೆ ಊರಿರಬೇಕು. ಮಂಡಿಗಳು ಸೆಟೆದು ನಿಲ್ಲದೆ ತುಸು ಬಾಗಿರಬೇಕು. ಮೊಬೈಲನ್ನು ಎರಡೂ ಕೈಗಳಿಂದ ಅಡ್ಡಲಾಗಿ ಹಿಡಿದು, ಮೊಣಕೈಗಳನ್ನು ಪಕ್ಕೆಲುಬುಗಳಿಗೆ ಒತ್ತಿಕೊಳ್ಳಬೇಕು. ಚಾಚಿದ ತೋಳಿನ ತುದಿಯಲ್ಲಿ ಕಂಪನ ಹೆಚ್ಚು. ಎದೆಗೆ ಹತ್ತಿರವಿದ್ದಷ್ಟೂ ಕಡಿಮೆ. ಉಸಿರನ್ನು ಬಿಗಿಹಿಡಿದರೆ ಕೆಲವೇ ಸೆಕೆಂಡುಗಳಲ್ಲಿ ದೇಹ ನಡುಗತೊಡಗುತ್ತದೆ. ಅದಕ್ಕಿಂತ ಮೆಲ್ಲಗೆ, ಆಳವಾಗಿ ಉಸಿರಾಡುವುದು ಉತ್ತಮ.

ಕೊರಳಪಟ್ಟಿ ಇರುವ ಕ್ಯಾಮೆರಾವಾದರೆ, ಪಟ್ಟಿ ಬಿಗಿಯಾಗುವವರೆಗೆ ಕ್ಯಾಮೆರಾವನ್ನು ಮುಂದಕ್ಕೆ ತಳ್ಳಿ ಹಿಡಿಯಬೇಕು. ಕುತ್ತಿಗೆ ಮತ್ತು ಎರಡು ಕೈಗಳು ಮೂರು ಕಡೆಯಿಂದ ಅದನ್ನು ಬಿಗಿದಿಡುತ್ತವೆ. ಹತ್ತಿರದಲ್ಲಿ ಮರವಿದ್ದರೆ ಭುಜವನ್ನು ಅದಕ್ಕೆ ಆನಿಸಬಹುದು. ಕುಳಿತು ಮೊಣಕೈಗಳನ್ನು ಮಂಡಿಯ ಮೇಲೆ ಊರಬಹುದು. ಉಂಬಳಗಳ ಕಾಟವಿಲ್ಲದ ಕಾಲದಲ್ಲಿ ನೆಲದ ಮೇಲೆ ಬೋರಲಾಗಿ ಮಲಗಿ ಚಿತ್ರಿಸುವುದಂತೂ ಎಲ್ಲಕ್ಕಿಂತ ಭದ್ರ.

ಮನೆಯಲ್ಲಿರುವ ಸಾಮಾನ್ಯ ವಸ್ತುಗಳೂ ನೆರವಿಗೆ ಬರುತ್ತವೆ. ಸಣ್ಣ ಬಟ್ಟೆಚೀಲಕ್ಕೆ ಮುಕ್ಕಾಲು ಭಾಗ ಭತ್ತವನ್ನೋ ಮರಳನ್ನೋ ತುಂಬಿ ಬಂಡೆಯ ಮೇಲಿಟ್ಟು, ಅದರ ಮೇಲೆ ಕ್ಯಾಮೆರಾವನ್ನು ಅದುಮಿ ಕೂರಿಸಿದರೆ ಟ್ರೈಪಾಡಿಗೆ ಸಮನಾದ ಆಸರೆ ದೊರೆಯುತ್ತದೆ. ಎದೆಮಟ್ಟದ ಬಿದಿರಿನ ಕೋಲೊಂದನ್ನು ನೆಲಕ್ಕೆ ಊರಿ, ಅದರ ತಲೆಗೆ ಕ್ಯಾಮೆರಾವನ್ನು ಒತ್ತಿಹಿಡಿದರೆ ಮೇಲೆ ಕೆಳಗಿನ ಅಲುಗಾಟ ಬಹುಪಾಲು ನಿಲ್ಲುತ್ತದೆ. ಮುರಿದ ದೋಟಿಯ ತುಂಡೂ ಈ ಕೆಲಸಕ್ಕೆ ಒದಗುತ್ತದೆ. ಟ್ರೈಪಾಡ್ ಕೂರಿಸುವ ತಿರುಪು ಇರುವ ಕ್ಯಾಮೆರಾವಾದರೆ, ಆ ತಿರುಪಿಗೆ ಹೊಂದುವ ಬೋಲ್ಟಿಗೆ ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿಯನ್ನು ಪಾದದಿಂದ ಮೆಟ್ಟಿ, ಕ್ಯಾಮೆರಾವನ್ನು ಮೇಲಕ್ಕೆ ಜಗ್ಗಿ ಹಿಡಿಯಬಹುದು. ಬಿಗಿದ ಹಗ್ಗ ಕೈಯನ್ನು ಅಲುಗಗೊಡದು.

ನಡಿಗೆ, ತಿರುವು ಮತ್ತು ತಾಳ್ಮೆ

ತುಂಬಿದ ಕೊಡವನ್ನು ಹೊತ್ತು ಏರುದಾರಿಯಲ್ಲಿ ಬರುವ ಹೆಂಗಸಿನ ನಡಿಗೆಯನ್ನು ಗಮನಿಸಿದವರಿಗೆ ನಡೆಯುತ್ತ ಚಿತ್ರಿಸುವ ಬಗೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಮಂಡಿ ತುಸು ಬಾಗಿರುತ್ತದೆ, ಹೆಜ್ಜೆ ಚಿಕ್ಕದಾಗಿರುತ್ತದೆ, ಹಿಮ್ಮಡಿ ಮೆಲ್ಲನೆ ನೆಲ ಮುಟ್ಟಿ ಪಾದ ಮುಂದಕ್ಕೆ ಉರುಳುತ್ತದೆ. ನೆಲದ ಏರುತಗ್ಗನ್ನು ಕಾಲುಗಳೇ ನುಂಗಿಕೊಂಡು, ಸೊಂಟದ ಮೇಲಿನ ದೇಹ ಒಂದೇ ಮಟ್ಟದಲ್ಲಿ ಸಾಗುತ್ತದೆ. ಹಾಗಿದ್ದರೂ ನಡಿಗೆಯ ಚಿತ್ರಣ ಅನಿವಾರ್ಯವಾದಾಗ ಮಾತ್ರ ಇರಲಿ. ನಿಂತು ತೆಗೆದ ಮೂರು ದೃಶ್ಯಗಳು ನಡೆಯುತ್ತ ತೆಗೆದ ಒಂದು ಉದ್ದನೆಯ ದೃಶ್ಯಕ್ಕಿಂತ ಹೆಚ್ಚನ್ನು ಹೇಳುತ್ತವೆ: ದೂರದಿಂದ ಇಡೀ ಇಳಿಜಾರು, ನಡುವಿನಿಂದ ಕುಸಿದ ಭಾಗ, ಹತ್ತಿರದಿಂದ ಬಿರುಕು. ಬಿರುಕಿನ ಪಕ್ಕದಲ್ಲಿ ಅಳತೆಗೆಂದು ಒಂದು ಕತ್ತಿಯನ್ನೋ ಅಡಿಕೋಲನ್ನೋ ಇಟ್ಟರೆ ಇನ್ನೂ ಒಳಿತು. ಈ ಹತ್ತಿರದ ದೃಶ್ಯ ಕುಸಿತ ಪೂರ್ತಿ ನಿಂತು, ಅಲ್ಲಿಗೆ ಹೋಗುವುದು ಸುರಕ್ಷಿತವೆಂದು ಖಚಿತವಾದ ಮೇಲಿನ ಕೆಲಸ.

ಪ್ರತಿಯೊಂದು ದೃಶ್ಯವನ್ನೂ ಕನಿಷ್ಠ ಹತ್ತು ಸೆಕೆಂಡು ಕದಲದೆ ಹಿಡಿಯಬೇಕು. ಮನಸ್ಸಿನಲ್ಲಿ ಒಂದರಿಂದ ಹತ್ತರವರೆಗೆ ನಿಧಾನವಾಗಿ ಎಣಿಸುವುದು ಸುಲಭದ ಉಪಾಯ. ಕ್ಯಾಮೆರಾವನ್ನು ಎಡದಿಂದ ಬಲಕ್ಕೆ ತಿರುಗಿಸಬೇಕಾದಲ್ಲಿ, ಮೊದಲು ಪಾದಗಳನ್ನು ತಿರುವು ಮುಗಿಯುವ ದಿಕ್ಕಿಗೆ ಇರಿಸಿ, ಸೊಂಟವನ್ನು ಹಿಂದಕ್ಕೆ ತಿರುಚಿ ಆರಂಭಿಸಬೇಕು. ಆಗ ತಿರುವು ಸಾಗಿದಂತೆ ದೇಹ ಬಿಗಿಯಾಗುವ ಬದಲು ಸಡಿಲಗೊಳ್ಳುತ್ತದೆ, ಕೊನೆಯಲ್ಲಿ ಜರ್ಕು ಬೀಳುವುದಿಲ್ಲ. ಒಂದು ಮರವು ಚೌಕಟ್ಟಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರಿಯಲು ಏಳು ಸೆಕೆಂಡಾದರೂ ಹಿಡಿಯುವಷ್ಟು ನಿಧಾನ ಬೇಕು. ಆರಂಭದಲ್ಲಿ ಮತ್ತು ಕೊನೆಯಲ್ಲಿ ಕೆಲವು ಸೆಕೆಂಡು ನಿಲ್ಲಲೇಬೇಕು.

ಇನ್ನು ಕೆಲವು ಸಣ್ಣ ಸಂಗತಿಗಳು. ಮಸೂರದ ಮೇಲಿನ ಹನಿಯನ್ನು ಒರೆಸಿಕೊಳ್ಳಬೇಕು. ನೆರವು ಕರೆಯುವ ಅಗತ್ಯವಿಲ್ಲದ ಸಮಯದಲ್ಲಿ ಮೊಬೈಲನ್ನು ವಿಮಾನ ಸ್ಥಿತಿಯಲ್ಲಿಟ್ಟರೆ ನಡುವೆ ಕರೆ ಬಂದು ಯಂತ್ರ ಗುಂಯ್‌ಗುಡುವುದು ತಪ್ಪುತ್ತದೆ. ಪರದೆಯನ್ನು ಬೆರಳಿನಿಂದ ಕುಟ್ಟಿದಾಗಲೂ ಚಿತ್ರ ಅದುರುತ್ತದೆ. ಧ್ವನಿಯ ಗುಂಡಿಯಿಂದ ಚಿತ್ರಣ ಆರಂಭಿಸುವ ಸೌಲಭ್ಯವಿದ್ದರೆ ಅದನ್ನು ಬಳಸಬೇಕು.

ಯಂತ್ರಗಳ ನೆರವು ಮತ್ತು ಅವುಗಳ ಮಿತಿ

ಕೈಯ ಅಲುಗಾಟವನ್ನು ಕ್ಯಾಮೆರಾಕ್ಕೆ ತಾಗದಂತೆ ಮಾಡುವ ಪ್ರಯತ್ನ ಹೊಸತಲ್ಲ. ಅಮೆರಿಕದ ಛಾಯಾಗ್ರಾಹಕ ಗ್ಯಾರೆಟ್ ಬ್ರೌನ್ 1970ರ ದಶಕದಲ್ಲಿ ‘ಸ್ಟೆಡಿಕ್ಯಾಮ್’ ಎಂಬ ಸಾಧನವನ್ನು ರೂಪಿಸಿದರು. 1976ರಲ್ಲಿ ತೆರೆಕಂಡ ‘ಬೌಂಡ್ ಫಾರ್ ಗ್ಲೋರಿ’ ಹಾಗೂ ‘ರಾಕಿ’ ಚಿತ್ರಗಳಲ್ಲಿ ಅದರ ಬಳಕೆಯಾಯಿತು. ಅದರ ತತ್ತ್ವ ಸರಳವಾದುದು. ಒಂದು ದಂಡದ ಮೇಲ್ತುದಿಯಲ್ಲಿ ಕ್ಯಾಮೆರಾ, ಕೆಳತುದಿಯಲ್ಲಿ ಅದಕ್ಕೆ ಸರಿದೂಗುವ ಭಾರ. ದಂಡವನ್ನು ಹಿಡಿಯುವುದು ತೂಕದ ಮಧ್ಯಬಿಂದುವಿನ ಸಮೀಪದಲ್ಲಿ. ಸ್ಪ್ರಿಂಗ್ ಅಳವಡಿಸಿದ ತೋಳು ಹೆಜ್ಜೆಯ ಹೊಡೆತವನ್ನು ಹೀರಿಕೊಳ್ಳುತ್ತದೆ. ಭಾರವು ದೂರ ದೂರಕ್ಕೆ ಹಂಚಿಹೋದಷ್ಟೂ ವಸ್ತು ಥಟ್ಟನೆ ತಿರುಗಲಾರದು. ಹಗ್ಗದ ಮೇಲೆ ನಡೆಯುವ ದೊಂಬರಾಟದವರು ಉದ್ದನೆಯ ಗಳುವನ್ನು ಅಡ್ಡ ಹಿಡಿಯುವುದೂ ಇದೇ ಕಾರಣಕ್ಕೆ.

ಈಗ ಬಳಕೆಯಲ್ಲಿರುವ ಗಿಂಬಲ್‌ಗಳಲ್ಲಿ ಓಲಾಟವನ್ನು ಗುರುತಿಸುವ ಸಂವೇದಕಗಳೂ, ಅದಕ್ಕೆ ಎದುರಾಗಿ ತಿರುಗುವ ಮೂರು ಸಣ್ಣ ಮೋಟಾರುಗಳೂ ಇರುತ್ತವೆ. ಅವು ತಿರುಗುವಿಕೆಯನ್ನು ಚೆನ್ನಾಗಿ ತಡೆಯುತ್ತವೆಯಾದರೂ ಹೆಜ್ಜೆಯಿಂದಾಗುವ ಮೇಲೆ ಕೆಳಗಿನ ಜಿಗಿತವನ್ನು ಪೂರ್ತಿ ಅಳಿಸಲಾರವು. ಕೆಲವು ಮೊಬೈಲುಗಳಲ್ಲಿ ಮಸೂರ ಅಥವಾ ಅದರ ಹಿಂದಿನ ಸಂವೇದಕವೇ ಅಲುಗಾಟಕ್ಕೆ ವಿರುದ್ಧವಾಗಿ ಸರಿಯುವ ವ್ಯವಸ್ಥೆಯಿದೆ.

ಮತ್ತೊಂದು ಬಗೆಯದು ಲೆಕ್ಕಾಚಾರದ ಮೂಲಕ ಮಾಡುವ ತಿದ್ದುಪಡಿ. ತಂತ್ರಾಂಶವು ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಆದ ಸರಿತವನ್ನು ಲೆಕ್ಕಹಾಕಿ, ಪ್ರತಿ ಚಿತ್ರವನ್ನೂ ಸ್ವಲ್ಪ ಸರಿಸಿ, ತಿರುಗಿಸಿ, ಅಂಚುಗಳನ್ನು ಕತ್ತರಿಸಿ ಹೊಂದಿಸುತ್ತದೆ. ಇದರಲ್ಲಿ ಮೂರು ತೊಡಕುಗಳಿವೆ. ಅಂಚಿನಲ್ಲಿದ್ದ ವಿವರ ಕಳೆದುಹೋಗುತ್ತದೆ. ಮಬ್ಬು ಬೆಳಕಿನ ಕಾಡಿನಲ್ಲಿ ಅಲುಗಿ ಮಸುಕಾದ ಚಿತ್ರವನ್ನು ಸರಿಯಾದ ಜಾಗದಲ್ಲಿ ಕೂರಿಸಬಹುದೇ ವಿನಾ ಅದರ ಮಸುಕು ಹೋಗದು. ಮೂರನೆಯದು ಎಲ್ಲಕ್ಕಿಂತ ಗಂಭೀರ: ಚೌಕಟ್ಟಿನ ತುಂಬ ಹರಿಯುವ ನೀರು ಅಥವಾ ಅಲ್ಲಾಡುವ ಎಲೆಗಳಿದ್ದರೆ, ಚಿತ್ರವನ್ನೇ ನೋಡಿ ಲೆಕ್ಕ ಹಾಕುವ ತಂತ್ರಾಂಶ ಅವುಗಳನ್ನೇ ಸ್ಥಿರವೆಂದು ಭ್ರಮಿಸಿ, ನಿಂತ ಬಂಡೆಯನ್ನು ಓಲಾಡಿಸಿಬಿಡಬಹುದು. ನೋಡಲು ನುಣುಪಾದ ಚಿತ್ರ ಅಳತೆಗೆ ಸುಳ್ಳಾಗುತ್ತದೆ.

ಅಲುಗಾಟದಿಂದ ಇನ್ನೊಂದು ನಷ್ಟವೂ ಇದೆ. ವಿಡಿಯೊವನ್ನು ಚಿಕ್ಕದಾಗಿ ಕಟ್ಟಿಡುವಾಗ ಯಂತ್ರವು ಬದಲಾಗದ ಭಾಗವನ್ನು ಮತ್ತೆ ಮತ್ತೆ ಬರೆಯದೆ, ಬದಲಾದ ಭಾಗವನ್ನು ಮುಖ್ಯವಾಗಿ ದಾಖಲಿಸುತ್ತದೆ. ಕ್ಯಾಮೆರಾ ಅಲುಗಿದರೆ ಕಾಡಿನ ಪ್ರತಿಯೊಂದು ಎಲೆಯೂ ಬದಲಾದಂತೆ ಅದಕ್ಕೆ ತೋರುತ್ತದೆ. ನಿಗದಿತ ಜಾಗದಲ್ಲಿ ಅಷ್ಟೊಂದು ವಿವರವನ್ನು ಹಿಡಿಸಲಾರದೆ ಎಲೆ, ಕಲ್ಲು, ಬಿರುಕುಗಳನ್ನು ಕಲಸಿಬಿಡುತ್ತದೆ. ಕದಲದೆ ತೆಗೆದ ದೃಶ್ಯದಲ್ಲಿ ಅದೇ ಯಂತ್ರ ಹೆಚ್ಚು ವಿವರವನ್ನು ಉಳಿಸಿಕೊಡುತ್ತದೆ.

ಸಾಕ್ಷ್ಯವಾಗಿ ಉಳಿಯಬೇಕಾದರೆ

ವಿದ್ಯುನ್ಮಾನ ದಾಖಲೆಗಳನ್ನು ನ್ಯಾಯಾಲಯದ ಮುಂದಿಡುವ ಕ್ರಮವನ್ನು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೆಯ ಕಲಮು ವಿಧಿಸುತ್ತದೆ. ಹಿಂದಿನ 1872ರ ಕಾಯಿದೆಯಲ್ಲಿ 65-ಬಿ ಕಲಮು ಈ ಸ್ಥಾನದಲ್ಲಿತ್ತು. ಈಗಿನ ಕಾನೂನಿನಂತೆ ಸಲ್ಲಿಸಬೇಕಾದ ಪ್ರಮಾಣಪತ್ರದಲ್ಲಿ ಕಡತದ ‘ಹ್ಯಾಶ್’ ಮೌಲ್ಯವನ್ನೂ ನಮೂದಿಸಬೇಕಾಗುತ್ತದೆ. ಹ್ಯಾಶ್ ಎಂದರೆ ಕಡತದ ಹೆಬ್ಬೆಟ್ಟಿನ ಗುರುತಿದ್ದಂತೆ. ಕಡತದಲ್ಲಿ ಒಂದು ಅಂಶ ಬದಲಾದರೂ ಆ ಮೌಲ್ಯ ಬೇರೆಯಾಗುತ್ತದೆ. ಅಲುಗಾಟ ತಿದ್ದಿದ ಪ್ರತಿಯೂ, ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳುಹಿಸಿ ಕುಗ್ಗಿದ ಪ್ರತಿಯೂ ಮೂಲ ಕಡತವಲ್ಲ. ಆದುದರಿಂದ ಮೂಲವನ್ನು ಹಾಗೆಯೇ ತೆಗೆದಿರಿಸಿ, ಅದರ ಪ್ರತಿಯೊಂದನ್ನು ಮಾತ್ರ ತಿದ್ದಬೇಕು. ಚಿತ್ರಣದ ಕೊನೆಯಲ್ಲಿ ದಿನಾಂಕ, ಸಮಯ, ಸ್ಥಳದ ಹೆಸರು, ಯಾವ ದಿಕ್ಕಿಗೆ ಮುಖಮಾಡಿ ನಿಂತದ್ದು ಎಂಬುದನ್ನು ಬಾಯಿಯಲ್ಲಿಯೇ ಹೇಳಿ ದಾಖಲಿಸುವುದು ಒಳ್ಳೆಯ ರೂಢಿ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಮೊದಲನೆಯದು, ಯಾವ ಚಿತ್ರವೂ ಪ್ರಾಣಕ್ಕಿಂತ ದೊಡ್ಡದಲ್ಲ. ಗುಡ್ಡ ಸದ್ದು ಮಾಡಿದಾಗ, ಹಳ್ಳದ ನೀರು ಏಕಾಏಕಿ ಕೆಂಪಾದಾಗ ಅಥವಾ ಮಳೆಯಿದ್ದರೂ ಇಳಿದುಹೋದಾಗ, ಕ್ಯಾಮೆರಾ ತೆಗೆಯುವ ಹೊತ್ತು ಅದಲ್ಲ. ಹರಿವಿನ ದಾರಿಯಿಂದ ಪಕ್ಕಕ್ಕೆ, ಎತ್ತರದ ಗಟ್ಟಿ ನೆಲಕ್ಕೆ ಸರಿದು, ನೆರೆಯವರನ್ನು ಎಬ್ಬಿಸಿ, ಆಮೇಲೆ ಉಳಿದುದು. ಎರಡನೆಯದು, ಅಲುಗಿದ ಚಿತ್ರವೆಂದು ಯಾವುದನ್ನೂ ಅಳಿಸಿಹಾಕಬಾರದು. ಓಡುತ್ತ ತೆಗೆದ ಚಿತ್ರದಲ್ಲಿಯೂ ಹೊತ್ತು ಗೊತ್ತಾಗುತ್ತದೆ, ಸದ್ದು ಕೇಳುತ್ತದೆ, ನಡುವೆ ಎಲ್ಲೋ ಅರೆಕ್ಷಣ ನಿಂತ ಬಿಂಬವಿರುತ್ತದೆ. ಇಲ್ಲದ ಚಿತ್ರಕ್ಕಿಂತ ಅಲುಗಿದ ಚಿತ್ರ ಎಷ್ಟೋ ಮೇಲು.

ಇಂದಿನಿಂದಲೇ ಮಾಡಬಹುದಾದ ಕೆಲಸ

ವಿಪತ್ತು ಬಂದ ದಿನ ಕೈ ನಡುಗುವುದು ಸಹಜ. ಅಂದು ನಡುಗದ ಚಿತ್ರ ಬೇಕಾದರೆ ಅಭ್ಯಾಸ ಮುಂಚೆಯೇ ಆಗಿರಬೇಕು. ಅದಕ್ಕೆ ಸುಲಭವಾದ ಒಂದು ಕ್ರಮವಿದೆ. ಪ್ರತಿ ಊರಿನಲ್ಲಿಯೂ ನಿರಪಾಯವಾದ ಎರಡು ಮೂರು ಜಾಗಗಳನ್ನು ಆರಿಸಿಕೊಳ್ಳಬೇಕು. ಹಳ್ಳದ ತಿರುವು ಕಾಣುವ ಬಂಡೆ, ಗುಡ್ಡದ ಇಳಿಜಾರು ಕಾಣುವ ಶಾಲೆಯ ಜಗಲಿ, ಕಾಲುಸಂಕ ಕಾಣುವ ದಿಬ್ಬ, ಇಂತಹವು. ನಿಲ್ಲುವ ಸ್ಥಳಕ್ಕೆ ಬಣ್ಣದ ಗುರುತು ಹಾಕಿ, ಪ್ರತಿ ತಿಂಗಳ ಒಂದೇ ದಿನ, ಒಂದೇ ಹೊತ್ತಿಗೆ, ಅದೇ ಬಂಡೆ ಅದೇ ಮೂಲೆಯಲ್ಲಿ ಬರುವಂತೆ, ಜೂಮ್ ಬಳಸದೆ ಮೂವತ್ತು ಸೆಕೆಂಡು ಕದಲದೆ ಚಿತ್ರಿಸಬೇಕು. ಕಾಯ್ದಿಟ್ಟ ಅರಣ್ಯದೊಳಗಿನ ಜಾಗವಾದರೆ ಇಲಾಖೆಯ ಅನುಮತಿ ಪಡೆಯುವುದು ಅಗತ್ಯ.

ಹೀಗೆ ವರ್ಷಕ್ಕೆ ಹನ್ನೆರಡು ದೃಶ್ಯಗಳಾಗುತ್ತವೆ. ಒಟ್ಟು ಅವಧಿ ಆರೇ ನಿಮಿಷ. ಆದರೆ ಮಾರ್ಚ್ ತಿಂಗಳ ಹಳ್ಳವನ್ನೂ ಜುಲೈ ತಿಂಗಳ ಹಳ್ಳವನ್ನೂ, ಈ ವರ್ಷದ ಇಳಿಜಾರನ್ನೂ ಐದು ವರ್ಷಗಳ ಹಿಂದಿನದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ನೆಟ್ಟಗಿದ್ದ ಮರ ಎಷ್ಟು ವಾಲಿದೆ, ದಡ ಎಷ್ಟು ಸವೆದಿದೆ, ಹರಿವು ಯಾವ ತಿಂಗಳಿಗೆ ಬತ್ತುತ್ತಿದೆ ಎಂಬುದು ಅಕ್ಷರ ಬಾರದವರಿಗೂ ಕಾಣುತ್ತದೆ. ಗ್ರಾಮಸಭೆಯಲ್ಲಿ ಮಾತಿಗೆ ಮಾತು ಬೆಳೆಯುವ ಬದಲು ಎಲ್ಲರೂ ಒಂದೇ ಪರದೆಯನ್ನು ನೋಡಿ ಚರ್ಚಿಸಬಹುದು. ಈ ಕೆಲಸಕ್ಕೆ ದುಬಾರಿ ಯಂತ್ರ ಬೇಡ. ಒಂದು ಸಾಧಾರಣ ಮೊಬೈಲು, ಒಂದು ಭತ್ತದ ಚೀಲ, ತಿಂಗಳಿಗೊಮ್ಮೆ ತಪ್ಪದೆ ಹೋಗಿ ನಿಲ್ಲುವ ಒಬ್ಬ ವಿದ್ಯಾರ್ಥಿ ಇದ್ದರೆ ಸಾಕು. ಮುಂದಿನ ಮಳೆ ಹಿಡಿಯುವ ಮುನ್ನ ಪ್ರತಿ ಶಾಲೆಯೂ ಇಂತಹ ಒಂದು ಜಾಗವನ್ನಾದರೂ ಗುರುತಿಸಿಕೊಳ್ಳಲಿ ಎಂಬುದೇ ಈ ಉಪನ್ಯಾಸದ ವಿನಂತಿ.